ಕಾಂಟೆಸ್ಸಾಗೆ ಬೇರೆ ಎಂಜಿನ್ ಕೂರಿಸುವುದು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರೋಡ್ ಹತ್ತಿರದ ಒಂದು ಶೆಡ್ಡಿನಲ್ಲಿ ನನ್ನ ಕಾಂಟೆಸ್ಸಾ, ಅಂದರೆ ಹಿಂದುಸ್ತಾನ್ ಮೋಟರ್ಸ್ ಕಂಪನಿಯ ಹಳೇ ಕಾರು, ಎರಡು ಮಳೆಗಾಲ ಎಂಜಿನ್ ಇಲ್ಲದೆ ನಿಂತಿತ್ತು. ಈಗ ಓಡುತ್ತಿದೆ. ಅದನ್ನು ನೋಡಿದವರು ಧಾರವಾಡದಿಂದ, ಗದಗದಿಂದ, ರಾಣೆಬೆನ್ನೂರಿನಿಂದ ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವವರಿಗೆ ಇದು.

ಅಣ್ಣ, ಕಾಂಟೆಸ್ಸಾನ ಮಸಲ್ ಕಾರ್ ಅನ್ನಬಹುದಾ?

ಮಸಲ್ ಕಾರ್ ಅನ್ನುವುದು ಅಮೆರಿಕದ ಮಾತು. ಮಧ್ಯಮ ಗಾತ್ರದ ಗಾಡಿಗೆ ದೊಡ್ಡ ವಿ8 ಎಂಜಿನ್ ಇಟ್ಟು, ಸಾಮಾನ್ಯ ಹುಡುಗರ ಕೈಗೆ ಸಿಗುವ ಬೆಲೆಗೆ ಮಾರುತ್ತಿದ್ದರು. 1964ರ ಪಾಂಟಿಯಾಕ್ ಜಿಟಿಓದಿಂದ ಆ ಕಾಲ ಶುರುವಾಯಿತು ಅಂತ ಹೆಚ್ಚಿನವರು ಹೇಳುತ್ತಾರೆ. ಅದರ ಎಂಜಿನ್ 389 ಘನ ಇಂಚು, ಅಂದರೆ ಸುಮಾರು 6.4 ಲೀಟರ್.

ನಮ್ಮ ಕಾಂಟೆಸ್ಸಾ 1984ರಿಂದ 2002ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್ ಗಾಡಿ. ಉದ್ದನೆಯ ಬಾನೆಟ್, ಅಗಲವಾದ ಮುಖ, ಹಿಂದಿನ ಚಕ್ರಕ್ಕೆ ಶಕ್ತಿ. ನೋಡಿದರೆ ಮಸಲ್ ಕಾರೇ. ಆದರೆ ಮೊದಲು ಬಂದ ಎಂಜಿನ್ 1489 ಸಿಸಿ, 50 ಬಿಎಚ್‌ಪಿ ಆಸುಪಾಸು, ಅಂಬಾಸಿಡರ್‌ಗೆ ಹಾಕುತ್ತಿದ್ದ ಅದೇ ಎಂಜಿನ್. ಅಷ್ಟು ದೊಡ್ಡ ಮೈಗೆ ಅದು ಸಾಲುತ್ತಿರಲಿಲ್ಲ. ಮೈಕಟ್ಟು ಒಂದು, ಉಸಿರು ಇನ್ನೊಂದು. ಈ ಗಾಡಿ ಸಿಕ್ಕ ಎಲ್ಲರಿಗೂ ಎಂಜಿನ್ ಬದಲಿಸುವ ಯೋಚನೆ ಬರುವುದು ಅದಕ್ಕೇ.

ಹಾಗಾದರೆ ವಿ8 ಹಾಕೋಣ್ವಾ?

ಮೊದಲ ಗಾಡಿಗೆ ಬೇಡ. ಅಮೆರಿಕದಲ್ಲಿ 1997ರ ನಂತರದ ಶೆವ್ರೊಲೆ ಎಲ್ಎಸ್ ಎಂಜಿನ್ ಗುಜರಿಯಲ್ಲೂ ಸಿಗುತ್ತದೆ, ಅದಕ್ಕೆ ಬೇಕಾದ ಫೌಂಡೇಶನ್ (ಎಂಜಿನ್ ಕೂರುವ ಮೌಂಟ್), ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ), ವೈರಿಂಗ್ ಎಲ್ಲ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ. ಅಲ್ಲಿನವರು ಮಾಡಿದ ಕೆಲಸದ ವಿಡಿಯೋ ನೋಡಿ ಸುಲಭ ಅನಿಸುವುದು ಅದಕ್ಕೆ. ಇಲ್ಲಿ ಒಂದು ಸೆನ್ಸರ್ ಕೆಟ್ಟರೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ಶಕ್ತಿ ಬಂದ ಮೇಲೆ ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಆಕ್ಸಲ್), ಬ್ರೇಕ್ ಯಾವುದೂ ತಡೆಯುವುದಿಲ್ಲ. ಎಂಜಿನ್ ಒಂದನ್ನೇ ಬದಲಿಸಲು ಹೋದವರು ಕೊನೆಗೆ ಇಡೀ ಗಾಡಿಯನ್ನೇ ಬದಲಿಸಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ? ಪಾನಾ ಹಿಡಿಯುವ ಮೊದಲೇ ಆರ್‌ಟಿಓಗೆ ಹೋಗಬೇಕಾ?

ಹೌದು, ಮೊದಲೇ. ಇದನ್ನು ಕೊನೆಗೆ ಇಟ್ಟುಕೊಂಡು ಕೈಸುಟ್ಟುಕೊಂಡವರನ್ನು ನೋಡಿದ್ದೇನೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಒಪ್ಪಿಗೆ ಇಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗಂತ ಹಾಳಾದ ಎಂಜಿನ್ ಬದಲಿಸುವುದೇ ತಪ್ಪು ಅಂತಲ್ಲ. ಅದೇ ಕಂಪನಿಯ, ಅದೇ ಬಗೆಯ ಎಂಜಿನ್ ಆದರೆ ಒಪ್ಪಿಗೆ ಪಡೆದು ಹಾಕಿ, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳುವ ದಾರಿ ಇದೆ. ಬದಲಾವಣೆ ಆದ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು.

ನಿಮ್ಮ ಗಾಡಿ ಧಾರವಾಡದ ಕೆಎ-25 ಇರಲಿ, ಹುಬ್ಬಳ್ಳಿಯ ಕೆಎ-63 ಇರಲಿ, ಗದಗಿನ 26 ಅಥವಾ ಹಾವೇರಿಯ 27 ಇರಲಿ, ಯಾವ ಎಂಜಿನ್ ಹಾಕಬೇಕು ಅಂತಿದ್ದೀರಿ ಅನ್ನುವುದನ್ನು ಬರೆದು ಅರ್ಜಿ ಕೊಡಿ, ಉತ್ತರವನ್ನು ಕಾಗದದಲ್ಲೇ ತೆಗೆದುಕೊಳ್ಳಿ. ಏಜೆಂಟರ ಬಾಯಿಮಾತು ನಂಬಬೇಡಿ. ಒಪ್ಪಿಗೆ ಸಿಗದ ಎಂಜಿನ್ ಹಾಕಿದ ಗಾಡಿ ಖಾಸಗಿ ಜಾಗದಲ್ಲಿ ಓಡಲಿ, ರಸ್ತೆಗೆ ತರಬೇಡಿ. ನಾಳೆ ಯಾರಿಗಾದರೂ ಪೆಟ್ಟಾದರೆ ವಿಮೆಯವರು ಮೊದಲು ನೋಡುವುದೇ ಎಂಜಿನ್ ನಂಬರ್. ಅಂದಹಾಗೆ 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣ ಆಗಿದೆಯಾ ಅಂತಲೂ ನೋಡಿಕೊಳ್ಳಿ. ಅದೇ ಇಲ್ಲದಿದ್ದರೆ ಮೊದಲು ಅದರ ಕೆಲಸ.

ನೀವು ಯಾವ ಎಂಜಿನ್ ಹಾಕಿದಿರಿ?

ಕಾಂಟೆಸ್ಸಾದ್ದೇ ಇಸುಜು 1.8 ಪೆಟ್ರೋಲ್. ನನ್ನದು ಹಳೇ 1.5 ಗಾಡಿ. ಆಮೇಲೆ ಬಂದ ಕಾಂಟೆಸ್ಸಾಗಳಿಗೆ ಕಂಪನಿಯೇ 1817 ಸಿಸಿಯ ಈ ಎಂಜಿನ್ ಕೊಟ್ಟಿತ್ತು, ಜೊತೆಗೆ ಐದು ಗೇರಿನ ಬಾಕ್ಸ್. ಶಕ್ತಿ 88 ಬಿಎಚ್‌ಪಿ ಹತ್ತಿರ. ಕಾಗದದ ಮೇಲೆ ಇದು ದೊಡ್ಡ ಲೆಕ್ಕ ಅಲ್ಲ, ಆದರೆ ಅದೇ ಕಂಪನಿ, ಅದೇ ಗಾಡಿ, ಅದೇ ಇಂಧನ. ಅರ್ಜಿ ಕೊಟ್ಟು, ಉತ್ತರ ಬಂದ ಮೇಲೆ ಕೆಲಸ ಶುರು ಮಾಡಿದೆ. ಓಡಿಸಿದರೆ ಬೇರೆಯೇ ಗಾಡಿ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ.

ಇನ್ನೋವಾ, ಸ್ಕಾರ್ಪಿಯೋ, ಕ್ವಾಲಿಸ್ ಎಂಜಿನ್?

ಮೂರೂ ಉದ್ದಕ್ಕೆ ಕೂರುವ, ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಎಂಜಿನ್‌ಗಳು, ಹಾಗಾಗಿ ಜೋಡಣೆಗೆ ಒಗ್ಗುತ್ತವೆ. ಮುಂದಿನ ಚಕ್ರ ಎಳೆಯುವ ಕಾರಿನ ಅಡ್ಡ ಎಂಜಿನ್ ಎಷ್ಟೇ ಚೆನ್ನಾಗಿರಲಿ, ತಂದು ಏನೂ ಉಪಯೋಗವಿಲ್ಲ. ಇನ್ನೋವಾದ 2.5 ಡೀಸೆಲ್ 102 ಪಿಎಸ್ (ಬಿಎಚ್‌ಪಿಗೆ ಹತ್ತಿರದ ಅಳತೆ) ಕೊಡುತ್ತಿತ್ತು, ಬಾಳಿಕೆಯೂ ಗಟ್ಟಿ. ಕ್ವಾಲಿಸ್‌ನ 2.4 ಡೀಸೆಲ್‌ನಲ್ಲಿ ಕಂಪ್ಯೂಟರಿನ ಗೋಜು ಇಲ್ಲ, ಆದರೆ ಜೋರೂ ಇಲ್ಲ. ಭಾರ ನೋಡಿ. ಮೂಗಿನ ಮೇಲೆ ಭಾರ ಕೂತರೆ ಮುಂದಿನ ಸ್ಪ್ರಿಂಗ್ ಇಳಿಯುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ. ಇವೆಲ್ಲಕ್ಕೂ ಮೇಲಿನ ಕಾನೂನಿನ ಉತ್ತರ ಅನ್ವಯಿಸುತ್ತದೆ, ಪೆಟ್ರೋಲ್ ಗಾಡಿ ಡೀಸೆಲ್ ಆದರಂತೂ ಇನ್ನೂ ಜಾಸ್ತಿ.

ಎಂಜಿನ್ ಮಾತ್ರ ಕೊಳ್ಳಬೇಕಾ, ಇಡೀ ಗಾಡಿನಾ?

ಆಗುವುದಾದರೆ ಇಡೀ ಗಾಡಿ. ಬರೀ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಆಮೇಲೆ ಫೌಂಡೇಶನ್ ಬ್ರಾಕೆಟ್, ಕ್ಲಚ್ ಫೋರ್ಕ್, ಫ್ಯಾನ್, ರೇಡಿಯೇಟರ್ ಪೈಪ್, ಸ್ಪೀಡೋಮೀಟರ್ ಕೇಬಲ್ ಅಂತ ಒಂದೊಂದಕ್ಕೂ ಅಲೆಯಬೇಕು. ಹೊಸ ಕಾಲದ ಎಂಜಿನ್ ಆದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಅದರ ಕೀಲಿ, ಪೂರ್ತಿ ವೈರಿಂಗ್, ಆಕ್ಸಿಲರೇಟರ್ ಪೆಡಲ್ ಸಮೇತ ಬರಬೇಕು. ಕೀಲಿ ಬೇರೆಯಾದರೆ ಇಸಿಯು ಎಂಜಿನ್ ಸ್ಟಾರ್ಟ್ ಮಾಡಲು ಬಿಡುವುದಿಲ್ಲ.

ಕೊಳ್ಳುವ ಮೊದಲು ಎಂಜಿನ್ ಮೇಲಿನ ನಂಬರನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಓದಿ, ಆ ಗಾಡಿಯ ಆರ್‌ಸಿ ಜೊತೆ ಹೊಂದಿಸಿ ನೋಡಿ. ಬಿಲ್ ಬರೆಸಿಕೊಳ್ಳಿ. ನಂಬರ್ ಕೆರೆದಿದ್ದರೆ ಎಷ್ಟೇ ಅಗ್ಗ ಇರಲಿ, ಬಿಟ್ಟು ಬನ್ನಿ.

ಕಂಪ್ರೆಷನ್ ಪರೀಕ್ಷೆ (ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅನ್ನುವ ಅಳತೆ) ಮಾಡಿಸಿ. ನಾಲ್ಕು ಸಿಲಿಂಡರಿನ ಅಳತೆಯೂ ಹತ್ತಿರ ಹತ್ತಿರ ಇರಬೇಕು, 10 ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬಿಚ್ಚುವ ಖರ್ಚು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಲೋಳೆ ಇದ್ದರೆ ನೀರು ಆಯಿಲ್‌ಗೆ ಸೇರಿದೆ ಅಂತ ಅನುಮಾನಿಸಿ.

ಬಾಡಿ ಹೇಗಿರಬೇಕು?

ಕಾಂಟೆಸ್ಸಾಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ತಗಡೇ ಅದರ ಮೂಳೆ. ಕಾರವಾರ, ಗೋವಾ ಕಡೆ ಇದ್ದ ಗಾಡಿಯಾದರೆ ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಬಾಗಿಲ ಕೆಳಗಿನ ಅಂಚು, ಬ್ಯಾಟರಿ ಇಡುವ ಜಾಗ, ಮುಂದಿನ ಕ್ರಾಸ್ ಮೆಂಬರ್ (ಎಂಜಿನ್ ಕೆಳಗಿನ ಅಡ್ಡ ತೊಲೆ) ಕೂರುವ ಜಾಗ, ಇವು ಮುಖ್ಯ. ತುಕ್ಕು ತಿಂದ ಮೈಗೆ ಜೋರಾದ ಎಂಜಿನ್ ಹಾಕಬಾರದು.

ಇನ್ನೊಂದು ಮಾತು. ಹಳೇ ಎಂಜಿನ್ ಇರುವಾಗಲೇ ಗಾಡಿ ನೆಟ್ಟಗೆ ಓಡುವ ಹಾಗೆ, ನೆಟ್ಟಗೆ ನಿಲ್ಲುವ ಹಾಗೆ ಮಾಡಿ. ಇಲ್ಲದಿದ್ದರೆ ಆಮೇಲೆ ಬರುವ ತೊಂದರೆ ಹಳೇದಾ ಹೊಸದಾ ಗೊತ್ತಾಗುವುದೇ ಇಲ್ಲ.

ಹೊಸ ಎಂಜಿನ್ ಹಿಡಿಸುತ್ತಾ ಅಂತ ಹೇಗೆ ತಿಳಿಯುವುದು?

ಬರೀ ಉದ್ದ ಅಗಲ ನೋಡಿದರೆ ಸಾಲದು. ಜಗಳ ಬರುವುದು ಕೆಳಗೆ. ಆಯಿಲ್ ಚೇಂಬರಿನ ಗುಂಡಿ ಮುಂದಿದೆಯಾ ಹಿಂದಿದೆಯಾ, ಅದು ಕ್ರಾಸ್ ಮೆಂಬರ್‌ಗೆ ತಾಗುತ್ತದಾ, ಎಕ್ಸಾಸ್ಟ್ ಪೈಪ್ ಸ್ಟೀರಿಂಗ್ ಕಡೆ ಬರುತ್ತದಾ, ಮೇಲೆ ಬಾನೆಟ್ ಮುಚ್ಚುತ್ತದಾ. ಗುಜರಿಯಲ್ಲಿ ಒಡೆದುಹೋದ ಅದೇ ಮಾದರಿಯ ಬ್ಲಾಕ್ ಸಿಕ್ಕರೆ ತನ್ನಿ. ಒಳಗಿನ ಸಾಮಾನು ಇಲ್ಲದ ಖಾಲಿ ಬ್ಲಾಕನ್ನು ಇಬ್ಬರು ಎತ್ತಿ ಇಳಿಸಬಹುದು, ಹತ್ತು ಸಲ ಇಟ್ಟು ತೆಗೆದು ನೋಡಬಹುದು. ನಾವು ಚೇಂಬರ್ ಕೆಳಗೆ ಮರದ ತುಂಡು ಕೊಟ್ಟು, ಎಲ್ಲ ಕಡೆ ಒಂದು ಬೆರಳು ಸಲೀಸಾಗಿ ಓಡಾಡುವಷ್ಟು ಜಾಗ ಬಿಟ್ಟು, ಆಮೇಲೆ ಬ್ರಾಕೆಟ್ಟಿಗೆ ಎರಡು ಚುಕ್ಕೆ ವೆಲ್ಡಿಂಗ್ ಕೊಟ್ಟೆವು. ಪೂರ್ತಿ ವೆಲ್ಡಿಂಗ್ ಮಾತ್ರ ಗೇರ್‌ಬಾಕ್ಸ್ ಕೂತು, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಶಕ್ತಿ ಒಯ್ಯುವ ಉದ್ದ ಕೊಳವೆ) ನೇರ ಬಂದ ಮೇಲೆ. ಎಂಜಿನ್ ಚಾಲೂ ಇದ್ದಾಗ ಅಲ್ಲಾಡುತ್ತದೆ, ರಬ್ಬರ್ ದಬ್ಬಿಕೊಳ್ಳುತ್ತದೆ. ಬೆರಳಷ್ಟು ಜಾಗ ಬೇಕಾಗುವುದು ಅದಕ್ಕೆ.

ಹಳೇ ಗೇರ್‌ಬಾಕ್ಸಿಗೇ ಹೊಸ ಎಂಜಿನ್ ಜೋಡಿಸಬಹುದಾ?

ಎಂಜಿನ್ ಬಂದ ಗಾಡಿಯ ಗೇರ್‌ಬಾಕ್ಸನ್ನೇ ಹಾಕಿ. ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ಬೇರೆ ಬಾಕ್ಸಿಗೆ ಜೋಡಿಸಲು ಅಡಾಪ್ಟರ್ ಪ್ಲೇಟ್ ಮಾಡಿಸಬೇಕು, ಕ್ರ್ಯಾಂಕಿನ ನಡುಬಿಂದು, ಗೇರ್‌ಬಾಕ್ಸ್ ಶಾಫ್ಟಿನ ನಡುಬಿಂದು ಎರಡೂ ಒಂದೇ ಗೆರೆಯಲ್ಲಿ ಬರಬೇಕು. 0.1 ಮಿಲಿಮೀಟರ್ ಆಸುಪಾಸಿನ ಲೆಕ್ಕ ಅದು. ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡುವ ಟರ್ನರ್ ಸಿಕ್ಕರೆ ಮಾತ್ರ ಕೈ ಹಾಕಿ. ಕಣ್ಣಳತೆಯಲ್ಲಿ ಮಾಡಿದರೆ ಬೇರಿಂಗ್ ಚೀರುತ್ತದೆ, ಕ್ಲಚ್ ಪ್ಲೇಟ್ ಬೇಗ ಹೋಗುತ್ತದೆ.

ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿದರೆ ಆಯಿತಲ್ವಾ?

ಕತ್ತರಿಸಿ, ವೆಲ್ಡ್ ಮಾಡಿ, ಬ್ಯಾಲೆನ್ಸ್ ಮಾಡಿಸಬೇಕು. ನಾನು ಮೊದಲ ಸಲ ಬ್ಯಾಲೆನ್ಸ್ ಬಿಟ್ಟೆ. 50ರವರೆಗೆ ಗಾಡಿ ರೇಷ್ಮೆ ಹಾಗೆ ಹೋಯಿತು. 65 ದಾಟುತ್ತಿದ್ದ ಹಾಗೆ ಕಾಲಡಿಯ ತಗಡು ನಡುಗತೊಡಗಿತು, ಒಳಗಿನ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತಿತ್ತು. ವಾಪಸ್ ಬಂದು ಬಿಚ್ಚಿದರೆ ಜಾಯಿಂಟ್ ಕ್ರಾಸ್ ಆಗಲೇ ಸಡಿಲ. ಎರಡು ತುದಿಯ ಯೋಕ್ (ಜಾಯಿಂಟ್ ಕ್ರಾಸ್ ಹಿಡಿಯುವ ಕವಲು) ಒಂದೇ ನೇರಕ್ಕೆ ಇರಬೇಕು, ಗೇರ್‌ಬಾಕ್ಸ್ ಬಾಲದ ಇಳಿಜಾರು ಮತ್ತು ಹೌಸಿಂಗ್ ಮೂತಿಯ ಏರು ಒಂದಕ್ಕೊಂದು ಸಮಾನಾಂತರ ಇರಬೇಕು. ಇದನ್ನು ಮೊಬೈಲಿನ ಲೆವೆಲ್ ಆ್ಯಪ್ ಇಟ್ಟೇ ಅಳೆಯಬಹುದು.

ಹೌಸಿಂಗ್ ರೇಶಿಯೋ ಅಂತಾರಲ್ಲ, ಅದೇನು?

ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿದರೆ ಚಕ್ರ ಒಂದು ಸುತ್ತು ಬರುತ್ತದೆ ಅನ್ನುವ ಲೆಕ್ಕ. ಉದಾಹರಣೆಗೆ ಟೈರಿನ ಸುತ್ತಳತೆ 1.9 ಮೀಟರ್ ಅಂತ ಇಟ್ಟುಕೊಳ್ಳಿ. 80 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 1,333 ಮೀಟರ್ ಹೋಗುತ್ತೀರಿ, ಚಕ್ರ ಸುಮಾರು 700 ಸುತ್ತು. ರೇಶಿಯೋ 4.1 ಇದ್ದರೆ ನಾಲ್ಕನೇ ಗೇರಿನಲ್ಲಿ ಎಂಜಿನ್ ಸುಮಾರು 2,870 ಸುತ್ತು. ಐದನೇ ಗೇರ್ 0.85 ಆದರೆ 2,440. ಪೆಟ್ರೋಲ್ ಎಂಜಿನ್‌ಗೆ ಇದು ಆರಾಮ. ಡೀಸೆಲ್ ಬೇಗ ಉಸಿರು ಬಿಡುತ್ತದೆ, ಹೈವೇಯಲ್ಲಿ ಕಿರುಚುತ್ತದೆ. ನಿಮ್ಮ ಹೌಸಿಂಗಿನ ಹಲ್ಲು ಎಣಿಸಿ, ಇದೇ ಲೆಕ್ಕ ಹಾಕಿ, ಆಮೇಲೆ ಎಂಜಿನ್ ಆರಿಸಿ.

ಬ್ರೇಕ್ ಬದಲಿಸಲೇಬೇಕಾ?

ನಮ್ಮ ಮಿಸ್ತ್ರಿ ಮೊದಲ ದಿನ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಓಡೂದು ಆಮ್ಯಾಲ ನೋಡೂಣ್ರೀ ಸರ್, ಮೊದಲ ಗಾಡಿ ನಿಂದ್ರೂದು ನೋಡ್ರಿ." ನಾನು ತಲೆ ಆಡಿಸಿದೆ, ಆದರೆ ದುಡ್ಡು ಕಮ್ಮಿ ಬಿದ್ದಾಗ ಬ್ರೇಕ್ ಕೆಲಸವನ್ನೇ ಮುಂದೆ ಹಾಕಿದೆ.

ಎಂಜಿನ್ ಕೂತ ಖುಷಿಯಲ್ಲಿ ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿಯುತ್ತಿದ್ದೆವು, ಮೂರು ಜನ ಇದ್ದೆವು. ಮೂರನೇ ತಿರುವಿನ ಹೊತ್ತಿಗೆ ಸುಟ್ಟ ರಬ್ಬರಿನಂಥ ವಾಸನೆ. ಮುಂದಿನ ತಿರುವಿನಲ್ಲಿ ಪೆಡಲ್ ಸ್ಪಂಜಿನ ಹಾಗೆ ಕೆಳಗಿಳಿಯಿತು, ಗಾಡಿ ಮಾತ್ರ ಇಳಿಯುತ್ತಲೇ ಇತ್ತು. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆಯುತ್ತಾ, ಗುಡ್ಡದ ಬದಿಯ ಚರಂಡಿಗೆ ಒಂದು ಚಕ್ರ ಇಳಿಸಿ ನಿಲ್ಲಿಸಿದೆ. ಎದುರಿಗೆ ಅದಿರಿನ ಲಾರಿ ಏರುತ್ತಿತ್ತು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಹಳೇ ಬ್ರೇಕ್ ಆಯಿಲ್ ವರ್ಷಗಟ್ಟಲೆ ತೇವ ಹೀರಿತ್ತು, ಬಿಸಿಗೆ ಕುದಿದು ಪೈಪಿನಲ್ಲಿ ಗುಳ್ಳೆ ಎದ್ದಿತ್ತು. ಲೈನರ್ ಗಾಜಿನ ಹಾಗೆ ನುಣುಪಾಗಿತ್ತು.

ಆದ್ದರಿಂದ ಬ್ರೇಕ್ ಮೊದಲು. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಕಿಟ್, ರಬ್ಬರ್ ಹೋಸ್, ಲೈನರ್, ಹೊಸ ಆಯಿಲ್, ಎಲ್ಲ. ಮುಂದೆ ಡ್ರಮ್ ಇದ್ದರೆ ಡಿಸ್ಕ್ ಮಾಡುವ ಬಗ್ಗೆ ಯೋಚಿಸಿ, ಅದನ್ನೂ ಅರ್ಜಿಯಲ್ಲಿ ಬರೆಯಿರಿ. ಡೀಸೆಲ್ ಎಂಜಿನ್ ಹಾಕುವವರಿಗೆ ಒಂದು ವಿಶೇಷ ಎಚ್ಚರಿಕೆ: ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಎಳೆಯುವ ವ್ಯಾಕ್ಯೂಮ್‌ನಿಂದ. ಪೆಟ್ರೋಲ್ ಎಂಜಿನ್‌ನಲ್ಲಿ ಅದು ತಾನಾಗಿ ಸಿಗುತ್ತದೆ, ಡೀಸೆಲ್‌ನಲ್ಲಿ ಸಿಗುವುದಿಲ್ಲ. ಆಲ್ಟರ್ನೇಟರ್ ಹಿಂದೆಯೋ ಎಂಜಿನ್ ಮೇಲೋ ಇರುವ ವ್ಯಾಕ್ಯೂಮ್ ಪಂಪ್ ಸಮೇತ ತರಬೇಕು. ಮರೆತರೆ ಪೆಡಲ್ ಕಲ್ಲಿನ ಹಾಗೆ ನಿಲ್ಲುತ್ತದೆ.

ಏಪ್ರಿಲ್ ಬಿಸಿಲಿಗೆ ಗಾಡಿ ಕುದಿಯುತ್ತದೆ. ಏನು ಮಾಡಲಿ?

ಥರ್ಮೋಸ್ಟಾಟ್ ಕಿತ್ತೆಸೆಯಬೇಡಿ, ಅದು ಮದ್ದಲ್ಲ. ರೇಡಿಯೇಟರಿನ ಒಳಕೊಳವೆ ಕಟ್ಟಿದೆಯಾ ನೋಡಿ. ಬೋರ್ ನೀರು ಹಾಕಿದ್ದರೆ ಬಿಳೀ ಉಪ್ಪು ಕಟ್ಟಿಕೊಂಡಿರುತ್ತದೆ, ಇನ್ನು ಮುಂದೆ ಕೂಲಂಟ್ ಮಾತ್ರ ಹಾಕಿ. ಫ್ಯಾನಿನ ಸುತ್ತ ತಗಡಿನ ಮುಚ್ಚಿಗೆ ಇದೆಯಾ ನೋಡಿ. ಅದಿಲ್ಲದಿದ್ದರೆ ಫ್ಯಾನ್ ಸುತ್ತಮುತ್ತಲಿನ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಚೆನ್ನಮ್ಮ ಸರ್ಕಲ್ಲಿನಲ್ಲಿ ಸಂಜೆ ಆರು ಗಂಟೆಗೆ ಹತ್ತು ನಿಮಿಷ ಸಿಕ್ಕಿಕೊಂಡು ಮುಳ್ಳು ಮೇಲೇರದಿದ್ದರೆ ನಿಮ್ಮ ರೇಡಿಯೇಟರ್ ಸರಿಯಾಗಿದೆ.

ವೈರಿಂಗ್ ನಾನೇ ಮಾಡಬಹುದಾ?

ಕಾರ್ಬೋರೇಟರ್ ಎಂಜಿನ್ ಆದರೆ ಮಾಡಬಹುದು. ಬಿಚ್ಚುವ ಮೊದಲು ಪ್ರತಿ ವೈರಿಗೆ ಟೇಪು ಸುತ್ತಿ ಹೆಸರು ಬರೆಯಿರಿ, ಫೋಟೋ ತೆಗೆಯಿರಿ. ಎಂಜಿನ್‌ನಿಂದ ಬಾಡಿಗೆ ದಪ್ಪ ಅರ್ಥಿಂಗ್ ಪಟ್ಟಿ ಹಾಕುವುದನ್ನು ಮರೆಯಬೇಡಿ. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ, ಪಟ್ಟಿ ಇಲ್ಲದಿದ್ದರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಕೇಬಲ್ ಕೆಂಪಗೆ ಕಾದು ಹೊಗೆ ಬರುತ್ತದೆ.

ಇಂಜೆಕ್ಷನ್ ಎಂಜಿನ್ ಆದರೆ ಅನುಭವಿ ಆಟೋ ಎಲೆಕ್ಟ್ರಿಷಿಯನ್ ಬೇಕು. ಪೆಟ್ರೋಲ್ ಪೈಪೂ ಬದಲಾಗಬೇಕು. ಕಾರ್ಬೋರೇಟರಿಗೆ 3ರಿಂದ 5 ಪಿಎಸ್‌ಐ ಒತ್ತಡ ಸಾಕು, ಇಂಜೆಕ್ಷನ್‌ಗೆ 40 ದಾಟುತ್ತದೆ. ಹಳೇ ಹೋಸ್, ಹಳೇ ಕ್ಲಿಪ್ಪು ಅಷ್ಟು ಒತ್ತಡಕ್ಕೆ ಬಾಯಿ ಬಿಡುತ್ತವೆ, ಕೆಳಗೇ ಬಿಸಿ ಎಕ್ಸಾಸ್ಟ್ ಇರುತ್ತದೆ.

ಎಷ್ಟು ಖರ್ಚು?

ನನಗೆ ಎಂಜಿನ್‌ಗೆ ಕೊಟ್ಟ ದುಡ್ಡಿನ ಎರಡರಷ್ಟು ಉಳಿದ ಕೆಲಸಕ್ಕೆ ಹೋಯಿತು. ಕೈಯಲ್ಲಿರುವ ದುಡ್ಡಿನ ಮೂರನೇ ಒಂದು ಭಾಗವನ್ನು ಎಂಜಿನ್‌ಗೆ ಇಡಿ, ಬ್ರೇಕಿನ ದುಡ್ಡನ್ನು ಬೇರೆ ಲಕೋಟೆಯಲ್ಲಿ ಇಟ್ಟು ಮುಟ್ಟಬೇಡಿ. ಪೇಂಟಿಂಗ್ ಕೊನೆಗೆ. ಮೊದಲೇ ಬಣ್ಣ ಹೊಡೆಸಿದರೆ ಎಂಜಿನ್ ಇಳಿಸುವಾಗ ಗೀರು ಬಿದ್ದೇ ಬೀಳುತ್ತದೆ.

ಮನೆ ಮುಂದೆ ಮಾಡಬಹುದಾ? ಏನೇನು ಬೇಕು?

ಸಿಮೆಂಟ್ ನೆಲ, ಮೇಲೆ ಮಾಡು, ಬೀಗ. ಎಂಜಿನ್ ಗೇರ್‌ಬಾಕ್ಸ್ ಸೇರಿ ಎರಡು ಕ್ವಿಂಟಲ್ ಹತ್ತಿರ ತೂಗುತ್ತದೆ, ಚೈನ್ ಪುಲ್ಲಿಯನ್ನು ಶೆಡ್ಡಿನ ಪೈಪಿಗೆ ಕಟ್ಟಬೇಡಿ. ಎಂಜಿನ್ ಎತ್ತುವ ಕ್ರೇನ್ ಬಾಡಿಗೆಗೆ ತನ್ನಿ. ಗಾಡಿ ಕೆಳಗೆ ಮಲಗುವಾಗ ಬರೀ ಜಾಕಿ ನಂಬಬೇಡಿ, ಸಿಮೆಂಟ್ ಇಟ್ಟಿಗೆಯಂತೂ ಇಡಲೇಬೇಡಿ, ಅದು ಹೇಳದೆ ಕೇಳದೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇರಲಿ. ಒಬ್ಬರೇ ಇರುವಾಗ ಎಂಜಿನ್ ಇಳಿಸುವ ಕೆಲಸ ಬೇಡ.

ಮೊದಲ ಸಲ ಸ್ಟಾರ್ಟ್ ಮಾಡುವಾಗ?

ಕಿಡಿ ಬರದ ಹಾಗೆ ಕಾಯಿಲ್ ವೈರ್ ತೆಗೆದು, ಆಯಿಲ್ ಲೈಟ್ ಆರುವವರೆಗೆ ಸ್ವಲ್ಪ ಸ್ವಲ್ಪ ಸೆಲ್ಫ್ ಹೊಡೆಯಿರಿ. ವರ್ಷಗಟ್ಟಲೆ ನಿಂತ ಎಂಜಿನ್‌ನ ಬೇರಿಂಗಿಗೆ ಆಯಿಲ್ ತಲುಪಬೇಕು. ಆಮೇಲೆ ವೈರ್ ಹಾಕಿ. ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಂತಿರಲಿ. ಸ್ಟಾರ್ಟ್ ಆದ ತಕ್ಷಣ ರೇಸ್ ಕೊಡಬೇಡಿ. ಕೆಳಗೆ ರಟ್ಟು ಹಾಸಿ, ಎಲ್ಲಿ ಹನಿ ಬೀಳುತ್ತದೆ ನೋಡಿ.

ಓಡಲು ಶುರುವಾದ ಮೇಲೆ?

ಮೊದಲ ವಾರ ಉಣಕಲ್ ಕೆರೆವರೆಗೆ, ನವನಗರದವರೆಗೆ, ಅಷ್ಟೇ. ಪ್ರತಿ ಸಲ ವಾಪಸ್ ಬಂದು ಬಾನೆಟ್ ಎತ್ತಿ ನೋಡಿ. 500 ಕಿಲೋಮೀಟರ್ ಆದ ಮೇಲೆ ಫೌಂಡೇಶನ್ ಬೋಲ್ಟು, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟು, ಎಕ್ಸಾಸ್ಟ್ ನಟ್ಟು ಎಲ್ಲವನ್ನೂ ಮತ್ತೆ ಬಿಗಿ ಮಾಡಿ, ಆಯಿಲ್ ಬದಲಿಸಿ. ಇಳಿಸಿದ ಆಯಿಲನ್ನು ಬಿಳೀ ತಟ್ಟೆಗೆ ಹಾಕಿ ಬಿಸಿಲಿಗೆ ಹಿಡಿಯಿರಿ. ಹಿತ್ತಾಳೆ ಬಣ್ಣದ ಮಿಂಚು ಕಂಡರೆ ಬೇರಿಂಗ್ ಸವೆಯುತ್ತಿದೆ, ಅಲ್ಲಿಗೇ ನಿಲ್ಲಿಸಿ ಚೇಂಬರ್ ಬಿಚ್ಚಿಸಿ. ಘಾಟಿಗೆ ಹೋಗುವುದು ಇದೆಲ್ಲ ಆದ ಮೇಲೆ. ನಾನು ಕಳೆದ ದೀಪಾವಳಿಗೆ ಅದೇ ಇಬ್ಬರ ಜೊತೆ ಅರಬೈಲ್ ಇಳಿದೆ, ಅದೇ ತಿರುವಿನಲ್ಲಿ ಬೇಕಂತಲೇ ನಿಲ್ಲಿಸಿ, ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಬಿಸಿ ಇತ್ತು, ವಾಸನೆ ಇರಲಿಲ್ಲ.